ವ್ಯಸನದ ಬೇರನ್ನು ಹುಡುಕಿದವರು

‘ವ್ಯಸನ’ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ದುಃಖವೂ ವ್ಯಸನವೇ, ಬಿಡಲಾರದ ಚಟವೂ ವ್ಯಸನವೇ. ಕುಡಿತಕ್ಕೆ ಸಿಕ್ಕಿದ ಮನೆಯೊಂದನ್ನು ಹತ್ತಿರದಿಂದ ಕಂಡವರಿಗೆ ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಏಕೆ ನೆಲಸಿದುವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಸಪ್ತವ್ಯಸನಗಳನ್ನು ಎಣಿಸಿದರು. ಪಟ್ಟಿಯು ಗ್ರಂಥದಿಂದ ಗ್ರಂಥಕ್ಕೆ ಅಷ್ಟಿಷ್ಟು ಬದಲಾಗುವುದಾದರೂ ಜೂಜು, ಮದ್ಯ, ಬೇಟೆ ಈ ಮೂರು ಸಾಮಾನ್ಯವಾಗಿ ತಪ್ಪುವುದಿಲ್ಲ. ಹೊಟ್ಟೆಗೆ ಇಳಿಯುವ ಹೆಂಡವನ್ನೂ, ಹೊಟ್ಟೆಗೆ ಏನನ್ನೂ ಇಳಿಸದ ಪಗಡೆಯ ದಾಳವನ್ನೂ ಅವರು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಧರ್ಮರಾಯನ ರಾಜ್ಯ ಹೋದದ್ದು, ನಳಮಹಾರಾಜನು ಕಾಡುಪಾಲಾದದ್ದು ದಾಳದಿಂದ, ಮದ್ಯದಿಂದಲ್ಲ. ಪಾಶ್ಚಾತ್ಯ ವೈದ್ಯಶಾಸ್ತ್ರವು ಜೂಜನ್ನೂ ಮದ್ಯವನ್ನೂ ಒಂದೇ ಅಧ್ಯಾಯಕ್ಕೆ ಸೇರಿಸಿದ್ದು ೨೦೧೩ರಲ್ಲಿ. ಅದು ಅಲ್ಲಿಗೆ ಬಂದು ಮುಟ್ಟಿದ ದಾರಿ ಬಹಳ ಸುತ್ತಿನದು. ಆದರೆ ಸುತ್ತಿ ಬಂದದ್ದರಿಂದಲೇ ನಮ್ಮ ಹಿರಿಯರಿಗೆ ತಿಳಿಯದೆ ಇದ್ದ ಹಲವು ಸಂಗತಿಗಳು ಅದಕ್ಕೆ ತಿಳಿದುಬಂದುವು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರು, ಹೊಯ್ಸಳರು, ಏಕೀಕರಣದ ಮಹನೀಯರು ಇವರ ನಡುವೆ ಮಿದುಳಿಗೂ ಹೆಂಡಕ್ಕೂ ಏನು ಕೆಲಸವೆಂದು ಕೇಳುವವರಿರಬಹುದು. ನಮ್ಮ ಉತ್ತರವಿಷ್ಟೆ. ಊರಿನಲ್ಲಿದ್ದಿದ್ದರೆ ದೊಡ್ಡಪ್ಪನೋ ಸೋದರಮಾವನೋ ಜಗಲಿಯ ಮೇಲೆ ಕೂತು ನಾಲ್ಕು ಬುದ್ಧಿಮಾತು ಹೇಳುತ್ತಿದ್ದರು. ಹೊರನಾಡಿನ ಈ ನಗರಗಳಲ್ಲಿ ಎರಡು ಕೋಣೆಯ ಮನೆಯ ಬಾಗಿಲು ಹಾಕಿಕೊಂಡು ನಾವು ಈ ದುಃಖವನ್ನು ಒಬ್ಬೊಬ್ಬರೇ ನುಂಗಿಕೊಳ್ಳುತ್ತೇವೆ. ಸಂಬಂಧ ಕುದುರಿಸುವಾಗ ಮಾತ್ರ ಈ ವಿಷಯ ಪಿಸುಮಾತಾಗಿ ಹೊರಬರುತ್ತದೆ. ‘ಆ ಮನೆತನದಲ್ಲೇ ಕುಡಿತವಿದೆ, ನಮಗೆ ಬೇಡ’ ಎಂದು ಒಬ್ಬರು. ‘ಒಂದು ಮದುವೆ ಮಾಡಿ, ತಾನಾಗಿ ಸರಿಹೋಗುತ್ತಾನೆ’ ಎಂದು ಇನ್ನೊಬ್ಬರು. ಮೊದಲನೆಯ ಮಾತು ಎಲ್ಲವನ್ನೂ ರಕ್ತದ ಮೇಲೆ ಹೊರಿಸುತ್ತದೆ. ಎರಡನೆಯದು ಎಲ್ಲವನ್ನೂ ಮನಸ್ಸಿನ ಮೇಲೆ ಬಿಡುತ್ತದೆ. ಬಲಿಯಾಗುವವಳು ಯಾರದೋ ಮಗಳು. ಈ ಎರಡರಲ್ಲಿ ಯಾವುದು ನಿಜ? ಎಪ್ಪತ್ತು ವರ್ಷಗಳ ಸಂಶೋಧನೆ ಏನು ಹೇಳುತ್ತದೆಂಬುದನ್ನು ಕನ್ನಡದಲ್ಲಿ ಒಮ್ಮೆ ಬರೆದಿಟ್ಟರೆ ನಾಲ್ಕು ಮನೆಗಳಿಗೆ ಉಪಯೋಗವಾದೀತೆಂಬುದು ನಮ್ಮ ಆಸೆ.

ಪಾಪವೆ, ರೋಗವೆ?

ಕುಡಿತವನ್ನು ಪಾಪವೆಂದೋ ಪೊಗರೆಂದೋ ಎಣಿಸುತ್ತಿದ್ದ ಕಾಲದಲ್ಲಿ ಅದನ್ನು ರೋಗವೆಂದು ಕರೆದ ವೈದ್ಯರು ಹದಿನೆಂಟನೆಯ ಶತಮಾನದ ಕೊನೆಗೆ ಕಾಣಿಸಿಕೊಂಡರು. ಅಮೆರಿಕದ ಬೆಂಜಮಿನ್ ರಷ್ ಅವರು ೧೭೮೪ರಲ್ಲಿ ಬಟ್ಟಿಯಿಳಿಸಿದ ಮದ್ಯಗಳ ಪರಿಣಾಮವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆದರು. ಬ್ರಿಟನ್ನಿನ ನೌಕಾವೈದ್ಯ ಥಾಮಸ್ ಟ್ರಾಟರ್ ೧೮೦೪ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಕುಡಿತದ ಅಭ್ಯಾಸವು ಮನಸ್ಸಿನ ರೋಗವೆಂದರು. ಸ್ವೀಡನ್ನಿನ ಮ್ಯಾಗ್ನಸ್ ಹುಸ್ ೧೮೪೯ರಲ್ಲಿ ಆ ರೋಗಕ್ಕೆ ‘ಆಲ್ಕೊಹಾಲಿಸಂ’ ಎಂಬ ಹೆಸರನ್ನಿಟ್ಟರು. ಹೆಸರೇನೋ ಬಂತು, ನೆಲೆ ಸಿಗಲಿಲ್ಲ. ರೋಗವೆಂದ ಮೇಲೆ ಅದು ದೇಹದ ಯಾವ ಭಾಗದಲ್ಲಿದೆ? ಈ ಪ್ರಶ್ನೆಯ ಮೊದಲ ಸುಳಿವು ಸಿಕ್ಕಿದ್ದು ನೂರು ವರ್ಷಗಳ ಬಳಿಕ. ಅದೂ ಸಿಕ್ಕಿದ್ದು ಕುಡಿತದ ಯೋಚನೆಯನ್ನೇ ಮಾಡದಿದ್ದ ಇಬ್ಬರಿಗೆ.

ಗುರಿ ತಪ್ಪಿದ ತಂತಿ

ಕೆನಡ ದೇಶದ ಮಾಂಟ್ರಿಯಲ್ ನಗರದಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಡೊನಾಲ್ಡ್ ಹೆಬ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ ೧೯೫೩ರ ಸುಮಾರಿಗೆ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ಯುವಕರು ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಇಲಿಯ ಮಿದುಳಿಗೆ ತೆಳ್ಳನೆಯ ತಂತಿಯೊಂದನ್ನು ಇಳಿಸಿ ಅತ್ಯಲ್ಪ ವಿದ್ಯುತ್ತನ್ನು ಹಾಯಿಸುವುದು ಅವರ ಕ್ರಮ. ನಿದ್ರೆ ಎಚ್ಚರಗಳನ್ನು ಕಾಯುವ ಭಾಗವನ್ನು ಮುಟ್ಟಬೇಕೆಂಬುದು ಅವರ ಉದ್ದೇಶವಾಗಿತ್ತು. ಒಂದು ಇಲಿಯಲ್ಲಿ ತಂತಿಯು ಗುರಿ ತಪ್ಪಿ ಮಿದುಳಿನ ಬೇರೊಂದು ಮೂಲೆಗೆ ಇಳಿಯಿತು.

ಆ ಇಲಿಯನ್ನು ಮೇಜಿನ ಮೇಲೆ ಬಿಟ್ಟು, ಅದು ಒಂದು ಮೂಲೆಗೆ ಹೋದಾಗ ವಿದ್ಯುತ್ತನ್ನು ಹಾಯಿಸಿದರು. ಇಲಿ ಬೆದರಿ ಓಡಲಿಲ್ಲ. ತಿರುಗಿ ತಿರುಗಿ ಅದೇ ಮೂಲೆಗೆ ಬಂದಿತು. ಕೊನೆಗೆ ಪೆಟ್ಟಿಗೆಯೊಂದರಲ್ಲಿ ಸನ್ನೆಯನ್ನಿಟ್ಟು, ಅದನ್ನು ಒತ್ತಿದರೆ ತನ್ನ ಮಿದುಳಿಗೆ ತಾನೇ ವಿದ್ಯುತ್ತನ್ನು ಹಾಯಿಸಿಕೊಳ್ಳುವ ಏರ್ಪಾಡನ್ನು ಮಾಡಿದರು. ಇಲಿಗಳು ಆ ಸನ್ನೆಯನ್ನು ಬಿಡಲೊಲ್ಲದೆ ಹೋದುವು. ತಂತಿಯ ನೆಲೆ ಸರಿಯಾಗಿದ್ದ ಕೆಲವು ಇಲಿಗಳು ಮುಂದಿನ ಪ್ರಯೋಗಗಳಲ್ಲಿ ಗಂಟೆಗೆ ಸಾವಿರಾರು ಸಲ ಒತ್ತಿದುವು. ಕಾಲು ಸುಡುವ ವಿದ್ಯುಜ್ಜಾಲವನ್ನು ದಾಟಿಯಾದರೂ ಅಲ್ಲಿಗೆ ಹೋದುವು. ೧೯೫೪ರಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಇದನ್ನು ಪ್ರಕಟಿಸಿದರು. ೧೯೬೫ರಲ್ಲಿ ಬೇರೆ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಇಲಿಗೆ ಎರಡು ಸನ್ನೆಗಳು: ಒಂದನ್ನು ಒತ್ತಿದರೆ ಆಹಾರ, ಇನ್ನೊಂದನ್ನು ಒತ್ತಿದರೆ ಮಿದುಳಿಗೆ ವಿದ್ಯುತ್ತು. ಕೆಲವು ಇಲಿಗಳು ಆಹಾರವನ್ನು ಬಿಟ್ಟು ವಿದ್ಯುತ್ತನ್ನೇ ಆರಿಸಿಕೊಂಡು ಉಪವಾಸದಿಂದ ಕ್ಷಯಿಸಿದುವು.

ಹೆಂಡತಿ ಮಕ್ಕಳ ಅನ್ನವನ್ನು ಮರೆತು ಗಡಂಗಿನ ಕಡೆಗೆ ನಡೆಯುವವನನ್ನು ಕಂಡ ನಮಗೆ ಈ ಇಲಿಯ ಕಥೆ ಹೊಸದೆನಿಸದು. ಹೊಸದೇನೆಂದರೆ, ಆ ನಡೆಗೆಯ ಹಿಂದೆ ಮಿದುಳಿನೊಳಗೆ ಒಂದು ಗೊತ್ತಾದ ಎಡೆಯಿದೆ ಎಂಬುದು. ಆ ಇಲಿಗೆ ಚಾರಿತ್ರ್ಯವಿರಲಿಲ್ಲ, ದುರ್ಜನರ ಸಹವಾಸವಿರಲಿಲ್ಲ, ತಂತಿಯೊಂದಿತ್ತು. ಆದರೆ ತಂತಿಯ ಕೆಲಸವನ್ನು ಮಿದುಳಿನಲ್ಲಿ ಸಹಜವಾಗಿ ಮಾಡುವ ವಸ್ತು ಯಾವುದು?

ಸರ್ಪಗಂಧ ಮತ್ತು ನಸುಗುನ್ನಿ

ಇದಕ್ಕೆ ಉತ್ತರ ದೊರಕಿದ್ದು ಸ್ವೀಡನ್ ದೇಶದಲ್ಲಿ. ಅದರ ಹಿಂದೆ ನಮ್ಮ ನೆಲದ ಎರಡು ಗಿಡಗಳ ನೆನಪೂ ಉಂಟು.

ಮೊದಲನೆಯದು ಸರ್ಪಗಂಧ. ಇದರ ಬೇರು ನಮ್ಮ ನಾಟಿವೈದ್ಯರಿಗೂ ಆಯುರ್ವೇದ ಪಂಡಿತರಿಗೂ ಬಹುಕಾಲದಿಂದ ಪರಿಚಿತ. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಲ್ಲಿ ಇದರ ಗುಣವನ್ನು ಕುರಿತು ಬರೆದರು. ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಅವರು ರಕ್ತದ ಒತ್ತಡಕ್ಕೆ ಇದು ಮದ್ದೆಂದು ೧೯೪೯ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬರೆದಾಗ ಜಗತ್ತಿನ ಕಣ್ಣು ಇತ್ತ ಹೊರಳಿತು. ೧೯೫೨ರಲ್ಲಿ ಈ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಸ್ವಿಟ್ಸರ್ಲೆಂಡಿನಲ್ಲಿ ಬೇರ್ಪಡಿಸಿದರು. ಎರಡನೆಯದು ನಸುಗುನ್ನಿ. ಬೇಲಿಯ ಮೇಲಿನ ಅದರ ಕಾಯಿ ಮುಟ್ಟಿ ಮೈಯೆಲ್ಲ ತುರಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರು. ಆ ಬೀಜದಲ್ಲಿ ಎಲ್-ಡೋಪ ಎಂಬ ವಸ್ತು ಧಾರಾಳವಾಗಿದೆ. ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದವರು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ. ಅದು ೧೯೩೭ರ ಮಾತು.

೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಅವರ ಸಂಗಡಿಗರು ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟುಕೊಂಡು ಮಂಕಾಗಿ, ಅಲುಗಾಡದೆ ಬಿದ್ದುಕೊಂಡುವು. ಬಳಿಕ ಎಲ್-ಡೋಪ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅವು ಕಿವಿ ನಿಮಿರಿಸಿ ಎದ್ದು ಓಡಾಡತೊಡಗಿದುವು. ಮಿದುಳಿನಿಂದ ಯಾವುದನ್ನು ರಿಸರ್ಪಿನ್ ಖಾಲಿ ಮಾಡಿತ್ತೋ ಅದನ್ನು ಎಲ್-ಡೋಪ ತುಂಬಿಕೊಟ್ಟಿತು. ಅದರ ಹೆಸರು ಡೋಪಮೀನ್. ೧೯೧೦ರಲ್ಲಿಯೇ ಲಂಡನ್ನಿನಲ್ಲಿ ಇದನ್ನು ತಯಾರಿಸಿದ್ದರಾದರೂ, ಬೇರೊಂದು ವಸ್ತುವಿಗೆ ದಾರಿಯಲ್ಲಿ ಸಿಗುವ ತಂಗುದಾಣದಂತೆ ಮಾತ್ರ ಅದನ್ನು ಎಣಿಸಿದ್ದರು. ಅದು ಸ್ವತಂತ್ರವಾಗಿ ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವ ದೂತನೆಂಬುದನ್ನು ಕಾರ್ಲ್‌ಸನ್ ತೋರಿಸಿಕೊಟ್ಟರು. ೨೦೦೦ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ೧೯೬೦ರ ದಶಕದಲ್ಲಿ ಅವರ ದೇಶದವರೇ ಮಿದುಳಿನ ತೆಳು ಸೀಳುಗಳಿಗೆ ಫಾರ್ಮಾಲ್ಡಿಹೈಡ್ ಆವಿ ಹಿಡಿದು, ಡೋಪಮೀನ್ ಇರುವ ನರಗಳು ಹಸುರಾಗಿ ಹೊಳೆಯುವಂತೆ ಮಾಡಿ ನಕ್ಷೆಯನ್ನು ಬಿಡಿಸಿದರು. ಮಿದುಳಿನ ಬುಡದ ಒಂದು ಸಣ್ಣ ಗುಂಪಿನಿಂದ ಹೊರಟ ನರಗಳು ಮುಂಭಾಗದ ಒಂದು ಗಂಟನ್ನು ಹೋಗಿ ಸೇರುತ್ತಿದ್ದುವು. ಓಲ್ಡ್ಸ್ ಅವರ ಇಲಿಗಳು ಅತ್ಯಾಸೆಯಿಂದ ಸನ್ನೆ ಒತ್ತಿದ ಎಡೆಗಳು ಬಹುಮಟ್ಟಿಗೆ ಈ ದಾರಿಯ ಆಸುಪಾಸಿನವೇ.

ಅಫೀಮಿನ ಸಂಗತಿಯೂ ಇದೇ ವೇಳೆಗೆ ತಿಳಿಯಾಯಿತು. ಗಸಗಸೆಯ ಗಿಡದ ಹಾಲು ನಮ್ಮ ಮಿದುಳಿನಲ್ಲಿ ಹಿಡಿಯುವ ಬೀಗವು ಅಲ್ಲಿ ಮೊದಲೇ ಇದೆ ಎಂಬುದು ೧೯೭೩ರಲ್ಲಿ ಗೊತ್ತಾಯಿತು. ಆ ಬೀಗಕ್ಕೆ ನಮ್ಮ ದೇಹವೇ ತಯಾರಿಸಿಕೊಳ್ಳುವ ಕೀಲಿಗಳಿವೆಯೆಂದು ೧೯೭೫ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಸ್ ಕಂಡುಕೊಂಡರು. ೧೯೮೮ರಲ್ಲಿ ಇಟಲಿಯ ದಿ ಕಿಯಾರ ಮತ್ತು ಇಂಪೆರಾತೊ ಎಂಬ ಇಬ್ಬರು ಎಲ್ಲವನ್ನೂ ಒಂದು ಸೂತ್ರಕ್ಕೆ ಪೋಣಿಸಿದರು. ಅಫೀಮಿನ ಜಾತಿಯವು, ಮದ್ಯ, ತಂಬಾಕಿನ ನಿಕೊಟಿನ್, ಕೊಕೇನ್ ಇವು ಗುಣದಲ್ಲಿ ಒಂದಕ್ಕೊಂದು ಹೋಲದವು. ಒಂದು ಮಂಪರು ಬರಿಸಿದರೆ ಇನ್ನೊಂದು ಕೆರಳಿಸುತ್ತದೆ. ಆದರೂ ಇಲಿಯ ಮಿದುಳಿನ ಆ ಗಂಟಿನಲ್ಲಿ ಇವೆಲ್ಲವೂ ಡೋಪಮೀನನ್ನು ಏರಿಸುತ್ತವೆಂದು ಅವರು ಅಳೆದು ತೋರಿಸಿದರು. ಊರಿಗೆ ಬರುವ ಬಾಗಿಲು ಹಲವು. ಸೇರುವ ಚಾವಡಿ ಒಂದೇ.

ಬೇಕೆಂಬುದು ಬೇರೆ, ಹಿತವೆಂಬುದು ಬೇರೆ

ಇಷ್ಟಾದ ಮೇಲೆ ಡೋಪಮೀನನ್ನು ‘ಸುಖದ ರಸ’ವೆಂದು ಪತ್ರಿಕೆಗಳು ಕರೆದದ್ದು ಸಹಜವೇ. ಇಂದಿಗೂ ಹಾಗೆಯೇ ಬರೆಯುವವರಿದ್ದಾರೆ. ಆದರೆ ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ.

ಸ್ವಿಟ್ಸರ್ಲೆಂಡಿನ ಫ್ರೈಬೂರ್ ನಗರದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬವರು ಕೋತಿಗಳ ಡೋಪಮೀನ್ ನರಕೋಶಗಳ ಮಿಡಿತವನ್ನು ಒಂದೊಂದಾಗಿ ಆಲಿಸಿದರು. ಕೋತಿಗೆ ಹಣ್ಣಿನ ರಸದ ತೊಟ್ಟು ಕೊಟ್ಟಾಗ ಮೊದಮೊದಲು ನರಕೋಶ ಮಿಡಿಯಿತು. ರಸ ಬರುವ ಮುನ್ನ ಪ್ರತಿಸಲವೂ ದೀಪ ಹೊತ್ತಿಸುತ್ತ ಬಂದರು. ಕೆಲವು ದಿನಗಳಲ್ಲಿ ನರಕೋಶವು ದೀಪಕ್ಕೇ ಮಿಡಿಯತೊಡಗಿತು. ರಸ ಬಂದಾಗ ಸುಮ್ಮನಿತ್ತು. ದೀಪ ಹೊತ್ತಿಸಿ ರಸವನ್ನು ಕೊಡದೆ ಹೋದಾಗ, ರಸ ಬರಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಅದರ ಮಿಡಿತ ಕುಗ್ಗಿತು. ೧೯೯೭ರಲ್ಲಿ ಅವರೂ ಇಬ್ಬರು ಗಣಿತನಿಪುಣ ಸಂಗಡಿಗರೂ ಸೇರಿ ಇದರ ಅರ್ಥವನ್ನು ಬರೆದರು: ಈ ನರಕೋಶಗಳು ಸುಖವನ್ನಲ್ಲ, ನಿರೀಕ್ಷೆಗೂ ಫಲಕ್ಕೂ ಇರುವ ವ್ಯತ್ಯಾಸವನ್ನು ಸಾರುತ್ತವೆ. ನಮ್ಮ ಅಡುಗೆಮನೆಯಲ್ಲಿಯೂ ಇದನ್ನು ಕಾಣಬಹುದು. ಬೆಳಗ್ಗೆ ಫಿಲ್ಟರಿಗೆ ಬಿಸಿನೀರು ಹೊಯ್ದ ಪರಿಮಳ ಬಂದೊಡನೆ ಮೈಯಲ್ಲಿ ಚುರುಕು ಹುಟ್ಟುತ್ತದೆ. ಕಾಫಿ ಇನ್ನೂ ಲೋಟಕ್ಕೆ ಬಂದಿಲ್ಲ. ಅಂದು ಹಾಲು ಒಡೆದುಹೋದರೆ, ಪರಿಮಳವೇ ಬರದಿದ್ದ ದಿನಕ್ಕಿಂತ ಹೆಚ್ಚಿನ ಸಿಡುಕು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್‌ಸನ್ ಇದರ ಇನ್ನೊಂದು ಮಗ್ಗುಲನ್ನು ಕಂಡರು. ಡೋಪಮೀನ್ ಬಹುಪಾಲು ನಾಶವಾದ ಇಲಿಯು ಸಿಹಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಬಾಯಿಗೆ ಸಕ್ಕರೆನೀರು ಹನಿಸಿದರೆ ಎಂದಿನಂತೆ ಚಪ್ಪರಿಸುತ್ತದೆ. ಹಾಗಾದರೆ ಡೋಪಮೀನ್ ಆಳುವುದು ‘ಬೇಕು’ ಎಂಬುದನ್ನು, ‘ಹಿತ’ ಎಂಬುದನ್ನಲ್ಲ. ವ್ಯಸನದಲ್ಲಿ ಈ ಬೇಕೆಂಬುದು ವರ್ಷದಿಂದ ವರ್ಷಕ್ಕೆ ಬಲಿಯುತ್ತ ಹೋಗುತ್ತದೆ. ಹಿತವು ಬಲಿಯುವುದಿಲ್ಲ, ಇಳಿಯಲೂ ಬಹುದು ಎಂದು ೧೯೯೩ರಲ್ಲಿ ಅವರು ವಾದಿಸಿದರು. ‘ಕುಡಿದು ಅವನಿಗೇನು ಸುಖವಿದೆಯೋ ಕಾಣೆ’ ಎಂದು ತಾಯಂದಿರು ನಿಟ್ಟುಸಿರಿಡುವುದುಂಟು. ಅವನಿಗೂ ಸುಖವಿಲ್ಲದಿರಬಹುದು. ಸುಖವಿಲ್ಲದೆಯೂ ಬೇಕೆನ್ನಿಸುವುದೇ ಈ ರೋಗದ ಮರ್ಮ.

ದಾಳದ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಹೊರಟಿತು. ಪಾರ್ಕಿನ್‌ಸನ್ ಎಂಬ ನಡುಗುರೋಗದಲ್ಲಿ ಡೋಪಮೀನ್ ಕೊರತೆಯಾಗುವುದರಿಂದ ಅದರ ಕೆಲಸವನ್ನು ಮಾಡುವ ಔಷಧಗಳನ್ನು ಕೊಡುತ್ತಾರೆ. ೨೦೦೫ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ವೈದ್ಯರು ಇಂಥ ೧೧ ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಔಷಧ ಸೇವಿಸತೊಡಗಿದ ಮೇಲೆ ಅವರನ್ನು ವಿಪರೀತವಾದ ಜೂಜಿನ ಹುಚ್ಚು ಹಿಡಿದಿತ್ತು. ಔಷಧವನ್ನು ನಿಲ್ಲಿಸಿದಾಗ ಹಲವರಲ್ಲಿ ಹುಚ್ಚು ಇಳಿಯಿತು. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸೂಚಿಯ ಐದನೆಯ ಆವೃತ್ತಿಯಲ್ಲಿ ಜೂಜನ್ನು ಮದ್ಯ, ಅಫೀಮುಗಳ ಅಧ್ಯಾಯಕ್ಕೆ ವರ್ಗಾಯಿಸಿತು. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಸೂಚಿಯಲ್ಲಿ ಕಂಪ್ಯೂಟರ್, ಮೊಬೈಲುಗಳ ಆಟದ ಗೀಳೂ ಸೇರಿತು. ಸಪ್ತವ್ಯಸನಗಳ ಪಂಕ್ತಿಗೆ ಹೊಸ ಅತಿಥಿಗಳು ಬಂದರೆಂದು ಬೇಕಾದರೆ ಹೇಳೋಣ.

ವಂಶದ ಪಾಲೆಷ್ಟು?

ಮಿದುಳಿನ ಈ ದಾರಿ ಎಲ್ಲರಲ್ಲಿಯೂ ಇದೆ. ಆದರೆ ರುಚಿ ನೋಡಿದವರೆಲ್ಲರೂ ವ್ಯಸನಿಗಳಾಗುವುದಿಲ್ಲ. ೨೦೧೯ರಲ್ಲಿ ಪ್ರಕಟವಾದ ನಮ್ಮ ದೇಶದ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಸುಮಾರು ೧೬ ಕೋಟಿ. ಅದಿಲ್ಲದೆ ಇರಲಾರದ ಸ್ಥಿತಿಗೆ ಬಂದವರು ಸುಮಾರು ೨.೯ ಕೋಟಿ. ಒಂದೇ ಮೇಜಿನಲ್ಲಿ ಕೂತ ಗೆಳೆಯರಲ್ಲಿ ಒಬ್ಬನೇ ಏಕೆ ಮುಳುಗಿದ? ಇಲ್ಲಿ ವಂಶದ ಪ್ರಶ್ನೆ ಏಳುತ್ತದೆ.

ಕುಡುಕನ ಮಗ ಕುಡುಕನಾದರೆ ಅದು ರಕ್ತದಿಂದ ಬಂತೋ, ಕಣ್ಣಿಂದ ಕಂಡು ಕಲಿತದ್ದೋ? ಬೇರ್ಪಡಿಸುವುದು ಕಷ್ಟ. ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಇದಕ್ಕೆ ಡೆನ್ಮಾರ್ಕಿನ ದತ್ತಕದ ದಾಖಲೆಗಳನ್ನು ಬಳಸಿಕೊಂಡರು. ತಂದೆತಾಯಿಗಳಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದು ಎಳವೆಯಲ್ಲೇ ಬೇರೆ ಮನೆಗೆ ದತ್ತು ಹೋದ ೫೫ ಗಂಡಸರನ್ನು, ಹಾಗಲ್ಲದ ೭೮ ಮಂದಿ ದತ್ತುಪುತ್ರರೊಡನೆ ಹೋಲಿಸಿದರು. ಮೊದಲ ಗುಂಪಿನಲ್ಲಿ ೧೦ ಮಂದಿ, ಎರಡನೆಯದರಲ್ಲಿ ೪ ಮಂದಿ ಮದ್ಯವ್ಯಸನಿಗಳಾಗಿದ್ದರು. ೧೯೭೩ರಲ್ಲಿ ಪ್ರಕಟವಾದ ಈ ಲೆಕ್ಕ ರಕ್ತಕ್ಕೆ ಪಾಲಿದೆಯೆಂದು ತೋರಿಸಿತು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಬೇಕು. ವ್ಯಸನಿಯ ಮಕ್ಕಳಾದ ಆ ೫೫ ಮಂದಿಯಲ್ಲಿ ೪೫ ಮಂದಿ ವ್ಯಸನಿಗಳಾಗಲಿಲ್ಲ. ಬಳಿಕ ಅವಳಿಗಳ ಮೇಲೆ ನಡೆದ ಅನೇಕ ಅಧ್ಯಯನಗಳು, ಜನಸಮುದಾಯದಲ್ಲಿ ಕಾಣುವ ಈ ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು ಅರ್ಧವೆಂದು ಎಣಿಸಿವೆ. ಉಳಿದರ್ಧ ಬಾಳಿನ ಪಾಲು.

ಪಾಲಿದೆಯೆಂದಾದರೆ ಅದನ್ನು ಹೊತ್ತು ತರುವ ಜೀನ್ ಯಾವುದು? ೧೯೯೦ರ ಏಪ್ರಿಲಿನಲ್ಲಿ ಅಮೆರಿಕದ ಕೆನೆತ್ ಬ್ಲಮ್ ಮತ್ತು ಅರ್ನೆಸ್ಟ್ ನೋಬಲ್ ಅವರ ತಂಡ, ಸತ್ತವರ ೭೦ ಮಿದುಳುಗಳನ್ನು ಪರೀಕ್ಷಿಸಿ, ಡೋಪಮೀನನ್ನು ಹಿಡಿಯುವ ಗ್ರಾಹಕವೊಂದರ ಜೀನಿನ ಬಳಿಯ ಒಂದು ಗುರುತು ಮದ್ಯವ್ಯಸನಿಗಳಲ್ಲಿ ಬಹಳ ಹೆಚ್ಚಾಗಿದೆಯೆಂದು ಸಾರಿತು. ‘ಕುಡುಕತನದ ಜೀನ್ ಸಿಕ್ಕಿತು’ ಎಂದು ಪತ್ರಿಕೆಗಳು ಡಂಗುರ ಹೊಡೆದುವು. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ವೈದ್ಯಪತ್ರಿಕೆಯಲ್ಲಿ, ಇನ್ನೊಂದು ತಂಡವು ತಮಗೆ ಅಂಥ ಸಂಬಂಧ ಕಾಣಲಿಲ್ಲವೆಂದು ಬರೆಯಿತು. ಈ ಗುರುತು ಒಂದು ಜನಾಂಗದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವುದರಿಂದ, ಹೋಲಿಸುವ ಗುಂಪುಗಳನ್ನು ಸರಿಯಾಗಿ ಆರಿಸದಿದ್ದರೆ ಇಲ್ಲದ ಸಂಬಂಧವೂ ಇದ್ದಂತೆ ತೋರುತ್ತದೆ. ಆದರೂ ಬ್ಲಮ್ ಅವರು ೧೯೯೬ರಲ್ಲಿ ತಮ್ಮ ಮತವನ್ನು ಇನ್ನೂ ಹಿಗ್ಗಿಸಿದರು. ಕೆಲವರ ಮಿದುಳಿನಲ್ಲಿ ಹುಟ್ಟಿನಿಂದಲೇ ತೃಪ್ತಿಯ ಕೊರತೆಯಿರುತ್ತದೆ, ಅದನ್ನು ತುಂಬಲು ಒಬ್ಬ ಮದ್ಯಕ್ಕೆ, ಇನ್ನೊಬ್ಬ ಜೂಜಿಗೆ, ಮತ್ತೊಬ್ಬ ಅತಿಯಾದ ಊಟಕ್ಕೆ ಹೋಗುತ್ತಾನೆ ಎಂದು ಅವರ ವಾದ. ಬೇರೆ ಬೇರೆ ಚಟಗಳಿಗೆ ಒಂದೇ ಬೇರನ್ನು ಹುಡುಕಿದ ಈ ಯೋಚನೆಗೆ ಆಕರ್ಷಣೆಯೇನೋ ಇತ್ತು. ಒಂದೇ ಜೀನಿನ ಮೇಲೆ ಅಷ್ಟು ಭಾರವನ್ನು ಹೊರಿಸಿದ್ದು ನಿಲ್ಲಲಿಲ್ಲ. ೨೦೦೪ರಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ಆ ಪ್ರಸಿದ್ಧ ಗುರುತು ಡೋಪಮೀನ್ ಗ್ರಾಹಕದ ಜೀನಿನೊಳಗೆ ಇರಲೇ ಇಲ್ಲ. ಪಕ್ಕದ ಮನೆಯಾದ ಇನ್ನೊಂದು ಜೀನಿನಲ್ಲಿತ್ತು. ಹದಿನಾಲ್ಕು ವರ್ಷ ಕಾಗದಗಳು ತಪ್ಪು ವಿಳಾಸಕ್ಕೆ ಹೋಗಿದ್ದುವು!

೨೦೧೯ರಲ್ಲಿ ೧೨ ಲಕ್ಷದವರೆಗಿನ ಜನರ ಮಾಹಿತಿಯನ್ನು ಕೂಡಿಸಿ ತಂಬಾಕು ಮತ್ತು ಮದ್ಯದ ಬಳಕೆಯನ್ನು ಕುರಿತು ದೊಡ್ಡದೊಂದು ಅಧ್ಯಯನ ಪ್ರಕಟವಾಯಿತು. ವಂಶವಾಹಿನಿಯಲ್ಲಿ ೪೦೬ ಎಡೆಗಳು ಇದಕ್ಕೆ ಸಂಬಂಧಪಟ್ಟುವೆಂದು ಅದು ತಿಳಿಸಿತು. ಇಂಥ ದೊಡ್ಡ ಅಧ್ಯಯನಗಳಲ್ಲಿ ಡೋಪಮೀನ್ ಗ್ರಾಹಕದ ಆ ನೆರೆಹೊರೆಯೂ ಮತ್ತೆ ಕಾಣಿಸಿಕೊಂಡಿದೆ. ಆದರೆ ನೂರಾರರಲ್ಲಿ ಒಂದಾಗಿ, ಸಾಸಿವೆಯಷ್ಟು ತೂಕ ಹೊತ್ತು. ಒಂದೇ ಜೀನ್ ದೊಡ್ಡ ವ್ಯತ್ಯಾಸ ಮಾಡುವ ನಿದರ್ಶನವೂ ಒಂದಿದೆ. ಚೀನ, ಜಪಾನ್, ಕೊರಿಯಗಳ ಅನೇಕರಲ್ಲಿ ಮದ್ಯವನ್ನು ಅರಗಿಸುವ ಒಂದು ಕಿಣ್ವ ದುರ್ಬಲವಾಗಿರುತ್ತದೆ. ಕುಡಿದೊಡನೆ ಮುಖ ಕೆಂಪೇರಿ, ಎದೆ ಬಡಿದು, ಹೊಟ್ಟೆ ತೊಳಸುವುದರಿಂದ ಅಂಥವರು ಮದ್ಯದಿಂದ ದೂರವಿರುವುದೇ ಹೆಚ್ಚು. ಈ ಜೀನ್ ಮುಖ್ಯವಾಗಿ ಯಕೃತ್ತಿನದು, ಮಿದುಳಿನ ಸುಖದುಃಖದ್ದಲ್ಲ. ಅದು ವ್ಯಸನವನ್ನು ತರುವುದಲ್ಲ, ತಡೆಯುವುದು.

ಊರಿನ ಪಾಲೆಷ್ಟು?

ಬಾಳಿನ ಪಾಲು ಅರ್ಧವೆಂದೆವಷ್ಟೆ. ಅದು ಎಷ್ಟು ಬಲವಾದದ್ದೆಂಬುದಕ್ಕೆ ವಿಯೆಟ್ನಾಂ ಯುದ್ಧವು ಒಂದು ನಿದರ್ಶನವನ್ನು ಒದಗಿಸಿತು. ಅಲ್ಲಿ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ ಸಿಗುತ್ತಿತ್ತು. ೧೯೭೧ರಲ್ಲಿ ಇವರೆಲ್ಲ ಮನೆಗೆ ಮರಳಿದರೆ ದೇಶದ ಗತಿಯೇನೆಂದು ಅಲ್ಲಿನ ಸರ್ಕಾರ ಕಳವಳಪಟ್ಟಿತು. ಲೀ ರಾಬಿನ್ಸ್ ಎಂಬ ವಿದುಷಿ ಮರಳಿದವರನ್ನು ಹುಡುಕಿ ಹುಡುಕಿ ಮಾತನಾಡಿಸಿದರು. ಅಲ್ಲಿದ್ದಾಗ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಅದರ ದಾಸರಾಗಿದ್ದರು. ಹಾಗೆ ದಾಸರಾದವರ ಪೈಕಿ ಮನೆಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ಆ ಸ್ಥಿತಿಗೆ ಬಿದ್ದವರು ನೂರಕ್ಕೆ ೫ ಮಂದಿ ಮಾತ್ರ. ಹೆಚ್ಚಿನವರು ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಮಿದುಳು ಅದೇ, ಜೀನ್‌ಗಳು ಅವೇ. ಬದಲಾದದ್ದು ಊರು, ಭಯ, ಜೊತೆಗಾರರು, ಕೈಗೆ ಸಿಗುವ ಸುಲಭ.

ಊರು ಬದಲಾಯಿಸಿದ ನಮಗೆ ಈ ಕಥೆ ಎರಡು ಬಗೆಯಲ್ಲಿ ಮುಖ್ಯ. ಆ ಸೈನಿಕರಿಗೆ ಮನೆ ಸೇರುವುದೇ ಮದ್ದಾಯಿತು. ಮನೆ ಬಿಟ್ಟು ಬಂದ ನಮ್ಮ ಹುಡುಗರಿಗೆ ದಿಕ್ಕು ತಿರುಗುಮುರುಗು. ಹೊಸ ನಗರ, ಒಂಟಿ ಕೋಣೆ, ಕೈಯಲ್ಲಿ ಮೊದಲ ಸಂಬಳ, ಕೇಳುವವರಿಲ್ಲದ ಸಂಜೆ ಇವು ವ್ಯಸನ ಬೇರೂರಲು ಹದವಾದ ಮಣ್ಣು. ಶುಲ್ಟ್ಸ್ ಅವರ ಕೋತಿಯ ದೀಪವನ್ನು ಇಲ್ಲಿ ನೆನೆಯಬೇಕು. ಚಿಕಿತ್ಸೆ ಮುಗಿಸಿ ಬಂದವನಿಗೆ ಹಳೆಯ ಅಂಗಡಿಯ ತಿರುವು, ಹಳೆಯ ಗೆಳೆಯನ ಕರೆ, ಸಂಬಳದ ದಿನ, ಒಂದೊಂದೂ ಒಂದು ದೀಪ. ದೀಪ ಕಂಡರೆ ಮಿದುಳು ಮಿಡಿಯುತ್ತದೆ. ಅವನು ಮತ್ತೆ ಎಡವಿದರೆ ‘ಎಲ್ಲ ನಾಟಕ’ ಎಂದು ಕೂಗುವುದಕ್ಕಿಂತ ಯಾವ ದೀಪವನ್ನು ಆರಿಸಬಹುದೆಂದು ಕೂತು ಯೋಚಿಸುವುದು ಲೇಸು.

ಬೆಂಗಳೂರಿನ ಪಾಲು

ಈ ಸಂಶೋಧನೆಯಲ್ಲಿ ನಮ್ಮ ನಾಡಿನ ಪಾಲೂ ಇದೆಯೆಂದು ಹೇಳಲು ಹೆಮ್ಮೆಯಾಗುತ್ತದೆ. ಓಲ್ಡ್ಸ್ ಮತ್ತು ಮಿಲ್ನರ್ ತಮ್ಮ ಲೇಖನವನ್ನು ಪ್ರಕಟಿಸಿದ ೧೯೫೪ರಲ್ಲಿಯೇ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ೧೯೭೪ರಲ್ಲಿ ಅದೂ ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆಯೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಓಲ್ಡ್ಸ್ ಅವರ ಸನ್ನೆಯ ಪ್ರಯೋಗವನ್ನು ಅಲ್ಲಿನ ನರಶಾಸ್ತ್ರಜ್ಞರು ಮುಂದುವರಿಸಿದರು. ಹಾಗೆ ಸನ್ನೆ ಒತ್ತಿದ ಇಲಿಗಳ ಮಿದುಳಿನಲ್ಲಿ ನೆನಪನ್ನೂ ಚಲನೆಯನ್ನೂ ನೋಡಿಕೊಳ್ಳುವ ಭಾಗಗಳ ನರಕೋಶಗಳು ಹೊಸ ಕವಲುಗಳನ್ನು ಚಾಚುತ್ತವೆಂದು ೧೯೯೩ರಲ್ಲಿ ತೋರಿಸಿದರು. ಸುಖದ ಅನುಭವವು ಬಂದು ಹೋಗುವ ಗಾಳಿಯಲ್ಲ. ಮಿದುಳಿನ ಆಕಾರದಲ್ಲಿಯೇ ಗುರುತು ಬಿಡುತ್ತದೆ ಎಂಬುದು ಇದರ ಅರ್ಥ. ಬಿಟ್ಟ ಚಟವೂ ವರ್ಷಗಳ ಮೇಲೆ ಮತ್ತೆ ಕರೆಯುವುದೇಕೆಂಬುದನ್ನು ಇಂಥ ಗುರುತುಗಳು ನಮಗೆ ತಿಳಿಯಗೊಡುತ್ತವೆ.

ಎರಡನೆಯದು ಇನ್ನೂ ಹತ್ತಿರದ ವಿಷಯ. ಅನಿರೀಕ್ಷಿತವಾದುದು ಕಂಡಾಗ ಅಥವಾ ಕೇಳಿದಾಗ ಸುಮಾರು ೩೦೦ ಮಿಲಿಸೆಕೆಂಡುಗಳ ಮೇಲೆ ಮಿದುಳಿನಲ್ಲಿ ಒಂದು ವಿದ್ಯುತ್ತರಂಗ ಏಳುತ್ತದೆ. ಮದ್ಯವ್ಯಸನಿಗಳ ಗಂಡುಮಕ್ಕಳಲ್ಲಿ, ಅವರು ಇನ್ನೂ ಮದ್ಯವನ್ನು ಮುಟ್ಟದ ಬಾಲಕರಾಗಿರುವಾಗಲೇ, ಈ ಅಲೆ ಗಿಡ್ಡಾಗಿರುತ್ತದೆಂದು ಅಮೆರಿಕದ ಹೆನ್ರಿ ಬೆಗ್ಲೈಟರ್ ೧೯೮೪ರಲ್ಲಿ ಹೇಳಿದ್ದರು. ನಿಮ್ಹಾನ್ಸಿನ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಸನಿಗಳ ಹತ್ತಿರದ ಗಂಡುಸಂಬಂಧಿಗಳಲ್ಲಿ ವಂಶದ ಅಪಾಯ ಏರಿದಂತೆಲ್ಲ ಈ ಅಲೆ ಇಳಿಯುತ್ತ ಹೋಗುತ್ತದೆಂದು ಕಂಡಿತು. ಇದು ಹಣೆಬರಹವಲ್ಲ, ಎಚ್ಚರಿಕೆಯ ಫಲಕ. ತಂದೆಗೆ ಸಕ್ಕರೆಕಾಯಿಲೆ ಇದ್ದ ಮಗ ಸಿಹಿಯಲ್ಲಿ ಎಚ್ಚರವಾಗಿರುವಂತೆ, ತಂದೆಗೆ ಕುಡಿತವಿದ್ದ ಮಗ ಮೊದಲ ಲೋಟದಲ್ಲೇ ಎಚ್ಚರವಾಗಿರಬೇಕು; ಅಷ್ಟೆ.

ನಮ್ಮ ಮನೆಗಳಿಗೆ

ಈಗ ಆರಂಭದ ಎರಡು ಮಾತುಗಳನ್ನು ತೂಗಿನೋಡಬಹುದು. ‘ಆ ಮನೆತನವೇ ಹಾಗೆ’ ಎಂಬವರಿಗೆ ಡೆನ್ಮಾರ್ಕಿನ ೪೫ ಮಂದಿ ಉತ್ತರ. ಕುಡುಕನ ಮಗಳನ್ನು ಬೇಡವೆನ್ನಲು, ಕುಡುಕನ ಮಗನನ್ನು ಮೊದಲೇ ಕುಡುಕನೆಂದು ಎಣಿಸಲು ವಿಜ್ಞಾನದಲ್ಲಿ ಆಧಾರವಿಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬವರಿಗೆ ಓಲ್ಡ್ಸ್ ಅವರ ಇಲಿ ಉತ್ತರ. ಬೇಕೆಂಬುದು ಮಿದುಳಿನಲ್ಲಿ ಬೇರೂರಿದ ಮೇಲೆ ಮಂಗಳಸೂತ್ರಕ್ಕೆ ಅದನ್ನು ಕಟ್ಟಿಹಾಕುವ ಶಕ್ತಿಯಿಲ್ಲ. ಅದಕ್ಕೆ ಚಿಕಿತ್ಸೆ ಬೇಕು. ಚಿಕಿತ್ಸೆಯೂ ಇದೆ. ಅಫೀಮಿನ ಬೀಗವನ್ನು ಮುಚ್ಚುವ ನ್ಯಾಲ್‌ಟ್ರೆಕ್ಸೋನ್ ಎಂಬ ಔಷಧವನ್ನು ಮದ್ಯದ ಚಟಕ್ಕೂ ಬಳಸಬಹುದೆಂದು ೧೯೯೪ರಲ್ಲಿ ಅಮೆರಿಕ ಒಪ್ಪಿತು. ನಮ್ಮ ದೇಶದಲ್ಲಿಯೂ ವೈದ್ಯರು ಅದನ್ನು ಕೊಡುತ್ತಾರೆ. ಬಹುಕಾಲ ಹೆಚ್ಚಾಗಿ ಕುಡಿದವನು ಹಟದಿಂದ ಒಮ್ಮೆಲೇ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಬಿಡಿಸುವ ಕೆಲಸವನ್ನು ವೈದ್ಯರ ಕಣ್ಣೆದುರಿಗೇ ಮಾಡಬೇಕು. ಔಷಧದ ಜೊತೆಗೆ ಮಾತು, ಮಾತಿನ ಜೊತೆಗೆ ಮನೆಯವರ ತಾಳ್ಮೆ ಬೇಕಾಗುತ್ತದೆ.

ಹಾಗೆಂದು ಕುಡಿದು ಬಂದು ಹೊಡೆಯುವವನನ್ನು ರೋಗಿಯೆಂದು ಸಹಿಸಿಕೊಂಡಿರಬೇಕೆಂದು ನಾವು ಹೇಳುತ್ತಿಲ್ಲ. ರೋಗಕ್ಕೆ ಮದ್ದು, ಹಿಂಸೆಗೆ ತಡೆ, ಎರಡೂ ಬೇಕು. ಬೇಡವಾದದ್ದು ಒಂದೇ: ಮುಚ್ಚಿಡುವುದು.

೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ೧೪೪೧೬ ಎಂಬ ಸಂಖ್ಯೆಗೆ ದುಡ್ಡಿಲ್ಲದೆ ಕರೆ ಮಾಡಬಹುದು. ಅದು ಮಾತನಾಡುವ ಭಾಷೆಗಳಲ್ಲಿ ಕನ್ನಡವೂ ಒಂದು. ಕಚೇರಿಯ ಮಾತನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಆಡಿ ಮುಗಿಸುವ ನಮ್ಮವರಿಗೆ ಮನೆಯ ದುಃಖವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕಾಗುತ್ತದೆ. ನಮ್ಮ ಸಂಘಗಳೂ ನಾಟಕ, ಹಾಡು, ಹೋಳಿಗೆಯ ಊಟಗಳ ಜೊತೆಗೆ ವರ್ಷಕ್ಕೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ. ಕನ್ನಡ ಬಲ್ಲ ವೈದ್ಯರೊಬ್ಬರನ್ನು ಕರೆಸಿ, ಹೆಸರು ಕೇಳದೆ ಪ್ರಶ್ನೆಗಳಿಗೆ ಉತ್ತರ ಕೊಡಿಸಲಿ. ಮುಂದಿನ ರಾಜ್ಯೋತ್ಸವದ ವೇಳೆಗೆ ಬಾಗಿಲು ಹಾಕಿಕೊಂಡ ಮನೆಗಳಲ್ಲಿ ಒಂದಾದರೂ ಬಾಗಿಲು ತೆರೆದರೆ ನಾಡಹಬ್ಬವನ್ನು ಆಚರಿಸಿದ್ದಕ್ಕೆ ಸಾರ್ಥಕ.